ಹೆದ್ದಾರಿಯ ಅಂಚಿನಲ್ಲಿ ಬೈಸಿಕಲ್ಲು



ಈ ಸಂಜೆ ನಾನು ಮಾತನಾಡಬೇಕೆಂದಿರುವ ವಿಷಯ ವಿದ್ವತ್ತಿಗೆ ಸಂಬಂಧಪಟ್ಟುದಲ್ಲ. ಕಾಲೇಜಿನಲ್ಲಿ ಪಾಠ ಹೇಳತಕ್ಕವನು ಶ್ರೋತೃಗಳ ಮುಂದೆ ಬಂದರೆ ಕಾವ್ಯಮೀಮಾಂಸೆಯನ್ನೋ ಷೇಕ್ಸ್‌ಪಿಯರನ ನಾಟಕವನ್ನೋ ಎತ್ತಿಕೊಳ್ಳುವನೆಂದು ನೀವು ನಿರೀಕ್ಷಿಸಿರಬಹುದು. ನಾನು ಎತ್ತಿಕೊಂಡಿರುವುದು ಬೈಸಿಕಲ್ಲನ್ನು. ಅದರಲ್ಲಿಯೂ, ಮೋಟಾರುಗಳು ಅತಿವೇಗದಿಂದ ಓಡುವ ಹೆದ್ದಾರಿಯ ಎಡ ಅಂಚನ್ನು ಹಿಡಿದು ಸಾಗುವ ಬೈಸಿಕಲ್ಲನ್ನು. ಆ ಅಂಚಿನ ಅಗಲ ಕೆಲವೆಡೆ ಎರಡು ಗೇಣು, ಕೆಲವೆಡೆ ಒಂದೇ ಗೇಣು. ಆದರೆ ಅದರ ಮೇಲೆ ದಿನವೂ ಹೋಗಿಬರುವ ಜೀವಗಳು ಬಹಳ. ಆದುದರಿಂದ ವಿಷಯವು ಸಣ್ಣದೆಂದು ತಾವು ಅಲಕ್ಷಿಸಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಾನು ಇರುವುದು ವಿಜಯಪುರದಲ್ಲಿ. 2014ರ ನವೆಂಬರ್ ತಿಂಗಳವರೆಗೆ ನಕ್ಷೆಗಳಲ್ಲಿ ಬಿಜಾಪುರವೆಂದಿದ್ದ ಊರು ಇದೇ. ವಾರದಲ್ಲಿ ಎರಡು ಮೂರು ದಿನ ಬೆಳಗಿನ ಜಾವಕ್ಕೆ ಎದ್ದು, ಪಶ್ಚಿಮಕ್ಕೆ ಹೋಗುವ ಅಥಣಿಯ ರಸ್ತೆಯಲ್ಲಿ ಬೈಸಿಕಲ್ಲು ತುಳಿಯುವುದು ನನ್ನ ಹಳೆಯ ಅಭ್ಯಾಸ. ಊರು ದಾಟಿದ ಮೇಲೆ ತೊರವೆ ಸಿಕ್ಕುತ್ತದೆ. ಕುಮಾರವಾಲ್ಮೀಕಿಯು ರಾಮಾಯಣವನ್ನು ಬರೆದ ತೊರವೆಯೇ ಇದು. ಎರಡನೆಯ ಇಬ್ರಾಹಿಂ ಆದಿಲಶಾಹನು ಸಂಗೀತಕ್ಕೆಂದೇ ನವರಸಪುರವೆಂಬ ನಗರವನ್ನು ಕಟ್ಟಲು ತೊಡಗಿದ್ದೂ ಇದೇ ಬಯಲಿನಲ್ಲಿ. ಈಗ ಅಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಅದನ್ನು ಬಿಟ್ಟು ಮುಂದೆ ಹೋದರೆ ಎರಡು ಕಡೆಗೂ ಎರೆಯ ಹೊಲಗಳು, ನಡುನಡುವೆ ದ್ರಾಕ್ಷಿಯ ತೋಟಗಳು. ಒಟ್ಟು ಇಪ್ಪತ್ತು ಕಿಲೋಮೀಟರಿನಷ್ಟು ಸಾಗಿದರೆ ತಿಕೋಟಾ.

ಈ ರಸ್ತೆಗೆ ಒಂದು ವಿಶೇಷವುಂಟು. ತಿಕೋಟಾ ನಮ್ಮ ಊರಿಗೆ ನೇರ ಪಶ್ಚಿಮದಲ್ಲಿರುವುದರಿಂದ, ಬೆಳಿಗ್ಗೆ ಊರಿನ ಕೆಲಸಕ್ಕೆ ಬರುವವನ ಕಣ್ಣಿಗೆ ಸೂರ್ಯನು ಎದುರಾಗುತ್ತಾನೆ. ಸಂಜೆ ಅವನೇ ಮನೆಗೆ ಹಿಂದಿರುಗುವಾಗಲೂ ಸೂರ್ಯನು ಎದುರಿನಲ್ಲಿಯೇ ಇರುತ್ತಾನೆ. ಬೈಸಿಕಲ್ಲಿನವನು ತಲೆ ತಗ್ಗಿಸಿ ತುಳಿಯಬಹುದು. ಅವನ ಹಿಂದೆ ಬರುವ ಮೋಟಾರಿನವನಿಗೂ ಅದೇ ಸೂರ್ಯನೇ ಎದುರು. ಧೂಳು ಹಿಡಿದ ಗಾಜಿನ ಮೇಲೆ ಬೆಳಕು ಬಿದ್ದು ಮುಂದಿನದೆಲ್ಲ ಬೆಳ್ಳಗೆ ಕಾಣುತ್ತದೆ. ರಸ್ತೆಯಲ್ಲಿ ಜನ ಹೆಚ್ಚಾಗಿರುವ ಹೊತ್ತಿನಲ್ಲಿಯೇ ಕಣ್ಣು ಕಾಣುವುದು ಕಡಿಮೆ.

ಆ ಹೊತ್ತಿನಲ್ಲಿ ಬೈಸಿಕಲ್ಲಿನ ಮೇಲೆ ಯಾರಿರುತ್ತಾರೆ? ಹಾಲಿನ ಕ್ಯಾನು ಕಟ್ಟಿಕೊಂಡವರು, ತೋಟದ ಕೂಲಿಗೆ ಹೋಗುವವರು, ಶಾಲೆಯ ಹುಡುಗರು. ಇವರಲ್ಲದೆ, ಬಾಗಿದ ಹ್ಯಾಂಡಲಿನ ಮೇಲೆ ಎದೆಯೊರಗಿಸಿ ಸಾಲಾಗಿ ಹೋಗುವ ತರುಣ ತರುಣಿಯರೂ ಕಾಣುತ್ತಾರೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಸೈಕಲ್ ಪಟುಗಳು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದು ತಂದಿರುವುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ರೈತರ ಮಕ್ಕಳೇ ಹೆಚ್ಚಾಗಿರುವ ಈ ಪಟುಗಳು ಅಭ್ಯಾಸ ಮಾಡಿದ್ದು ಹೆದ್ದಾರಿಗಳ ಮೇಲೆ, ಲಾರಿಗಳ ಪಕ್ಕದಲ್ಲಿ. ಪದಕವನ್ನು ಕಂಡು ಹಿಗ್ಗುವ ನಾವು ಅದನ್ನು ಗೆಲ್ಲಿಸಿದ ರಸ್ತೆಯನ್ನು ನೆನೆಯುವುದು ಅಪರೂಪ.

ಇನ್ನು ನನ್ನ ಸ್ವಂತ ಸಂಗತಿ. ಎರಡು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳಲ್ಲಿ, ತಿಕೋಟಾದಿಂದ ಹಿಂದಿರುಗುತ್ತಿದ್ದೆ. ಹಿಂದಿನಿಂದ ಒಂದು ಕಾರು ಬಂದಿತು. ಬಂದುದು ತಿಳಿದದ್ದು ಅದು ಹೋದ ಮೇಲೆಯೇ. ಅದರ ಪಕ್ಕದ ಕನ್ನಡಿ ನನ್ನ ಮೊಳಕೈಯನ್ನು ಸವರಿತು. ಗಾಳಿ ಒಮ್ಮೆ ದಬ್ಬಿ ಒಮ್ಮೆ ಸೆಳೆಯಿತು. ಮುಂದಿನ ಚಕ್ರ ಡಾಂಬರಿನ ಅಂಚಿನಿಂದ ಇಳಿಯಿತು. ನಾನು ಬಿಳಿಜೋಳದ ಹೊಲದ ಬದುವಿನಲ್ಲಿ ಬಿದ್ದಿದ್ದೆ. ಕಾರು ನಿಲ್ಲಲಿಲ್ಲ. ಹೊಲದಲ್ಲಿದ್ದ ಮುದುಕನೊಬ್ಬನು ಓಡಿಬಂದು ನನ್ನನ್ನು ಎತ್ತಿ ಕುಳ್ಳಿರಿಸಿ, “ತಮ್ಮಾ, ಪೆಟ್ಟು ಭಾಳ ಹತ್ತಿತೇನಪಾ?” ಎಂದು ಕೇಳಿದನು. ಮೊಳಕೈ ಮೊಣಕಾಲು ತರಚಿದ್ದುವಷ್ಟೆ. ನಾನು ಹೋದ ಕಾರನ್ನು ಬೈಯತೊಡಗಿದೆ. ಮುದುಕನು ತಂಬಿಗೆಯ ನೀರನ್ನು ನನ್ನ ಕೈಗೆ ಹಾಕುತ್ತ, “ಅಂವಾ ನಿನ್ನ ನೋಡಿಲ್ಲ ಬಿಡು. ಅವರಿಗೆ ರಸ್ತಾ ಕಾಣ್ತದ, ಮಂದಿ ಕಾಣೂದಿಲ್ಲ” ಎಂದನು.

ಆ ಮಾತು ನನಗೆ ಬಹಳ ಹಿಡಿಸಿತು. ಕೆಲವು ದಿನ ಕಾಲೇಜಿನ ಗೆಳೆಯರಿಗೆಲ್ಲ ಅದನ್ನು ಹೇಳಿ, ಮೋಟಾರಿನವರ ಕುಲವನ್ನೇ ಹಳಿದುಕೊಂಡು ತಿರುಗಿದೆ. ಆದರೆ ಅದೇ ವರ್ಷ ಕಬ್ಬು ನುರಿಸುವ ಕಾಲದಲ್ಲಿ, ಬಬಲೇಶ್ವರದಲ್ಲಿ ನಂಟರ ಮನೆಯ ಮದುವೆಯಿತ್ತು. ನಾನೂ ನನ್ನ ಮನೆಯವರೂ ನಮ್ಮ ಕಾರಿನಲ್ಲಿ ಹೊರಟೆವು. ಕತ್ತಲಾಗುತ್ತಿತ್ತು. ಕಬ್ಬು ಹೇರಿದ ಎರಡು ಟ್ರೇಲರುಗಳನ್ನು ಎಳೆಯುತ್ತಿದ್ದ ಟ್ರ್ಯಾಕ್ಟರೊಂದರ ಹಿಂದೆ ಬಹಳ ಹೊತ್ತು ಸಿಕ್ಕಿಬಿದ್ದಿದ್ದ ನಾನು, ಅವಕಾಶ ಕಂಡೊಡನೆ ಅದನ್ನು ದಾಟಲು ಹೊರಟೆ. ಎದುರಿನಿಂದ ದೀಪಗಳು ಬಂದುವು. ವೇಗವನ್ನು ಏರಿಸಿ, ಟ್ರ್ಯಾಕ್ಟರಿನ ಮುಂದೆ ಎಡಕ್ಕೆ ಸರಿದೆ. ಸರಿದ ಕಡೆಯಲ್ಲಿ, ಮೇವಿನ ಹೊರೆಯನ್ನು ಕಟ್ಟಿಕೊಂಡ ಬೈಸಿಕಲ್ಲೊಂದು ಇತ್ತು.

ನನ್ನ ಕಾಲು ಬ್ರೇಕಿನ ಮೇಲೆ ಬಿದ್ದ ಬಗೆ ನನಗೆ ತಿಳಿಯದು. ಕಾರು ಆ ಹೊರೆಗೆ ಒಂದು ಮಾರು ದೂರದಲ್ಲಿ ನಿಂತಿತು. ಹದಿಮೂರು ಹದಿನಾಲ್ಕು ವರ್ಷದ ಹುಡುಗನು ಹಿಂದಿರುಗಿ ನೋಡಿದನು. ಏನೂ ಆಗಲಿಲ್ಲವೆಂಬಂತೆ ಮತ್ತೆ ತುಳಿಯತೊಡಗಿದನು. ಆಗ ನನ್ನ ಮನಸ್ಸಿನಲ್ಲಿ ಮೊಟ್ಟಮೊದಲು ಮೂಡಿದ ಮಾತು ದೇವರ ಸ್ಮರಣೆಯಲ್ಲ, ನನ್ನ ತಪ್ಪಿನ ಅರಿವೂ ಅಲ್ಲ. “ದೀಪವಿಲ್ಲದೆ ರಸ್ತೆಗೆ ಬಂದಿದ್ದಾನೆ, ಬುದ್ಧಿಯಿಲ್ಲದ ಹುಡುಗ” ಎಂಬುದು. ಫೆಬ್ರವರಿಯ ಬೆಳಿಗ್ಗೆ ನನ್ನನ್ನು ಸವರಿಕೊಂಡು ಹೋದವನೂ ಬಹುಶಃ ಹೀಗೆಯೇ ಯಾವುದೋ ಒಂದು ಮಾತನ್ನು ಅಂದುಕೊಂಡಿರಬೇಕು. ನನ್ನ ಹೆಂಡತಿ ಏನನ್ನೂ ಹೇಳಲಿಲ್ಲ. ಬಬಲೇಶ್ವರ ಮುಟ್ಟುವವರೆಗೆ ಇಬ್ಬರೂ ಸುಮ್ಮನಿದ್ದೆವು.

ಅಂದಿನಿಂದ ಈ ವಿಷಯವನ್ನು ನಾನು ಎರಡು ಕಡೆಯಿಂದಲೂ ಯೋಚಿಸುವಂತಾಯಿತು. ಬೈಸಿಕಲ್ಲಿನ ಮೇಲೆ ಸಜ್ಜನನಾಗಿದ್ದವನು ಕಾರಿನಲ್ಲಿ ಕುಳಿತೊಡನೆ ದುರ್ಜನನಾಗುವುದಿಲ್ಲ. ಮನುಷ್ಯನು ಅವನೇ; ಬದಲಾಗುವುದು ವೇಗ. ವೇಗ ಮಾಡುವ ಕೆಲಸವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬೈಸಿಕಲ್ಲಿನವನು ಗಂಟೆಗೆ 15 ಕಿಲೋಮೀಟರು ಹೋಗುತ್ತಾನೆನ್ನಿ. ಕಾರು 80ರಲ್ಲಿ ಬರುತ್ತಿದೆ. ಆ ಕಾರು ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಅಪಾಯವನ್ನು ಕಂಡು, ಅದು ಅಪಾಯವೆಂದು ತಿಳಿದು, ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿ ಒಳ್ಳೆಯ ಚಾಲಕನಿಗೂ ಒಂದು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಬ್ರೇಕು ಕೆಲಸ ಮಾಡಲು ಮೊದಲುಮಾಡುವುದಕ್ಕೆ ಮುಂಚೆಯೇ ಮೂವತ್ತು ಮೀಟರು ಹೋಗಿಬಿಟ್ಟಿತು. ಇನ್ನು ಡಿಕ್ಕಿಯ ಶಕ್ತಿಯು ವೇಗದ ವರ್ಗದಂತೆ ಏರುತ್ತದೆಂಬುದನ್ನು ನಾವೆಲ್ಲರೂ ಹೈಸ್ಕೂಲಿನಲ್ಲಿ ಓದಿದ್ದೇವೆ: ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಇದನ್ನು ನಮ್ಮ ಊರಿನ ಅಳತೆಯಲ್ಲಿ ಹೇಳುವೆನು. 30ರ ವೇಗದ ಕಾರು ತಾಗುವುದು ಮನೆಯ ಮಾಳಿಗೆಯ ಮೇಲಿಂದ, ಎಂದರೆ ಮೂರೂವರೆ ಮೀಟರಿನಿಂದ, ಬಿದ್ದುದಕ್ಕೆ ಸಮ. ಕೈಯೋ ಕಾಲೋ ಮುರಿಯಬಹುದು. ಬದುಕುವ ಸಂಭವ ಹೆಚ್ಚು. 80ರ ವೇಗದ್ದು 25 ಮೀಟರಿನಿಂದ ಬಿದ್ದುದಕ್ಕೆ ಸಮ. ವಿಜಯಪುರದ ಉಪ್ಪಲಿ ಬುರುಜನ್ನು ನೋಡಿದವರು ಅದರ ಎತ್ತರವನ್ನು ನೆನಪಿಗೆ ತಂದುಕೊಳ್ಳಬಹುದು. ಆ ಬುರುಜಿನ ಎತ್ತರ ಸುಮಾರು 80 ಅಡಿ, ಎಂದರೆ 24 ಮೀಟರು. ಅದರ ತುದಿಯಿಂದ ಕೆಳಕ್ಕೆ ಬಿದ್ದವನ ಗತಿಯೇನೆಂದು ನಾನು ಹೇಳಬೇಕಾಗಿಲ್ಲ.

ವೇಗದೊಡನೆ ಇನ್ನೊಂದು ಸೇರಿಕೊಂಡಿದೆ: ಮುಚ್ಚಿದ ಗಾಜು. ನಮ್ಮ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆಯವನ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೂಗಿದರೆ ಧ್ವನಿ ಹಲವು ಸಲ ಮರುಳಿಸುತ್ತದೆ. ಅದೇ ಊರಿನ ರಸ್ತೆಯಲ್ಲಿ, ಗಾಜು ಏರಿಸಿ ತಂಪು ಹವೆಯಲ್ಲಿ ಹಾಡು ಕೇಳುತ್ತ ಹೋಗುವವನಿಗೆ ಎರಡು ಮಾರು ದೂರದ ಬೈಸಿಕಲ್ಲಿನ ಗಂಟೆ ಕೇಳುವುದಿಲ್ಲ. ಟಾಂಗಾದವನಿಗೆ ಕೇಳುತ್ತಿದ್ದಿತು. ಅವನು ತಿರುಗಿ ನೋಡಿ ಬೈಯುವುದಾದರೂ ಬೈಯುತ್ತಿದ್ದನು. ಮನುಷ್ಯನಿರುವನೆಂಬುದಂತೂ ಅವನಿಗೆ ತಿಳಿಯುತ್ತಿದ್ದಿತು.

“ಹಾಗಾದರೆ ಇಷ್ಟು ವೇಗದ ರಸ್ತೆಗೆ ಬೈಸಿಕಲ್ಲಿನವರು ಏಕೆ ಬರಬೇಕು?” ಎಂದು ಕೇಳುವವರುಂಟು. ಓದಿದವರೇ ಹೀಗೆ ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ, ರಸ್ತೆಯಿರುವುದು ಮೋಟಾರಿಗಾಗಿ, ಉಳಿದವರು ಅದರ ದಯೆಯಿಂದ ಅಲ್ಲಿದ್ದಾರೆಂಬ ನಂಬಿಕೆ ಇದೆ. ಇತಿಹಾಸ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1865ರ ಕಾನೂನು, ತಾನೇ ಚಲಿಸುವ ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯನು ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ವಿಧಿಸಿತ್ತು. ಊರೊಳಗೆ ಅದರ ವೇಗ ಗಂಟೆಗೆ ಎರಡು ಮೈಲಿಯನ್ನು ಮೀರಕೂಡದಾಗಿತ್ತು. 1885ರಲ್ಲಿ ಸ್ಟಾರ್ಲೆಯೆಂಬವನು ಹೆಚ್ಚುಕಡಿಮೆ ಸಮಗಾತ್ರದ ಎರಡು ಚಕ್ರಗಳ ಬೈಸಿಕಲ್ಲನ್ನು ಮಾರಾಟಕ್ಕೆ ತಂದನು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದನು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬೈಸಿಕಲ್ಲು ಸವಾರರು ಸಂಘ ಕಟ್ಟಿಕೊಂಡು, ರಸ್ತೆಗಳನ್ನು ನಯವಾಗಿ ಮಾಡಿಕೊಡಿರೆಂದು ಸರಕಾರಗಳನ್ನು ಪೀಡಿಸಿದರು. ಮೋಟಾರು ಬಂದದ್ದು ಅದರ ತರುವಾಯ. ನಯವಾದ ರಸ್ತೆಯನ್ನು ಮೊದಲು ಕೇಳಿದವರು ಬೈಸಿಕಲ್ಲಿನವರೇ. ಮನೆ ಕಟ್ಟಿಸಿದವನನ್ನು ಬಂದ ಅತಿಥಿ ಹೊರಕ್ಕೆ ಕಳುಹಿಸುವುದು ಯಾವ ನ್ಯಾಯ?

ಇತಿಹಾಸವಿರಲಿ, ನಮ್ಮ ಎರೆಯ ಸೀಮೆಯಲ್ಲಿ ಬೈಸಿಕಲ್ಲಿನವನು ಹೋಗುವುದಾದರೂ ಎಲ್ಲಿಗೆ? ಎರೆಮಣ್ಣು ಬೇಸಗೆಯಲ್ಲಿ ಮೊಳಗಟ್ಟಲೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಆಗ ಬೈಸಿಕಲ್ಲನ್ನು ಹೆಗಲ ಮೇಲೆ ಹೊರಬೇಕು. ಅಂಚಿನಲ್ಲಿ ಜಾಲಿಯ ಮುಳ್ಳು. ಡಾಂಬರನ್ನು ಬಿಟ್ಟು ಇಳಿ ಎಂದು ಹೇಳುವುದು ಸುಲಭ. ಇಳಿದವನು ಮುಂದೆ ಹೋಗಲಾರನು. ನಗರದ ಬಳಿ ಸೈಕಲ್ ಪಟುಗಳಿಗಾಗಿ ವೆಲೊಡ್ರೋಮನ್ನು ಕಟ್ಟುವ ಕಾರ್ಯವನ್ನು ಕೈಗೆತ್ತಿಕೊಂಡದ್ದು ಸ್ತುತ್ಯವಾದ ಸಂಗತಿಯೇ. ಆದರೆ ಹಾಲಿನವನು ವೆಲೊಡ್ರೋಮಿನಲ್ಲಿ ಹಾಲು ಮಾರುವಂತಿಲ್ಲ.

ಇಷ್ಟು ಹೇಳಿದ ಮೇಲೆ ಬೈಸಿಕಲ್ಲಿನವರ ತಪ್ಪುಗಳನ್ನು ಮುಚ್ಚಿಟ್ಟರೆ ನಾನು ಪಕ್ಷಪಾತಿಯಾಗುತ್ತೇನೆ. ಹಿಂದೆ ಅನೇಕ ಪುರಸಭೆಗಳಲ್ಲಿ ಬೈಸಿಕಲ್ಲಿಗೆ ಲೈಸೆನ್ಸಿನ ಬಿಲ್ಲೆಯಿರಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೋಲೀಸಿನವನು ನಿಲ್ಲಿಸುತ್ತಿದ್ದನು. ಆ ಶಿಸ್ತು ಹೋಯಿತು. ಹಿಂಬದಿಯ ಕೆಂಪು ದೀಪಕ್ಕೆ ಈಗ ತಗಲುವ ಹಣ ಅತ್ಯಲ್ಪ. ಅದನ್ನು ಹೊರೆಯ ಕೆಳಗೆ ಮುಚ್ಚಿಹೋಗದಂತೆ ಕಟ್ಟಬೇಕು. ಎದುರು ಬರುವ ಮೋಟಾರು ಕಾಣುತ್ತದೆಂದು ಬಲಗಡೆಯಿಂದ ಹೋಗುವವರಿದ್ದಾರೆ. ಇದು ದೊಡ್ಡ ಭ್ರಮೆ. ಕಾರು 60ರಲ್ಲಿಯೂ ಬೈಸಿಕಲ್ಲು 15ರಲ್ಲಿಯೂ ಒಂದೇ ದಿಕ್ಕಿಗೆ ಹೋದರೆ ಅವೆರಡರ ನಡುವಣ ದೂರ 45ರ ವೇಗದಲ್ಲಿ ಕುಗ್ಗುತ್ತದೆ, ಎದುರುಬದುರಾದರೆ 75ರಲ್ಲಿ. ಇನ್ನು, ಭಯದಿಂದ ಡಾಂಬರಿನ ತೀರ ತುದಿಯನ್ನು ಹಿಡಿಯುವುದೂ ತಪ್ಪು. ತುದಿ ಮುರಿದಿರುವೆಡೆ ಚಕ್ರ ಇಳಿಯುತ್ತದೆ, ಅಲ್ಲದೆ ಪಕ್ಕದಲ್ಲಿ ತೂರಿಹೋಗಲು ಮೋಟಾರಿನವನಿಗೆ ಆಸೆಯಾಗುತ್ತದೆ. ತುದಿಯಿಂದ ಒಂದು ಮೊಳ ಒಳಗೆ, ಅತ್ತಿತ್ತ ಹೊಯ್ದಾಡದೆ ನೇರವಾಗಿ ಸಾಗುವುದು ಕ್ಷೇಮ. ನಾನು ಬಿದ್ದ ದಿನ ತೀರ ತುದಿಯಲ್ಲಿದ್ದೆ.

ಆದರೆ ಎರಡು ಕಡೆಯ ತಪ್ಪುಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಸಮವೆಂದು ಹೇಳಲಾಗದು. ಬೈಸಿಕಲ್ಲಿನವನ ತಪ್ಪಿನಿಂದ ಸಾಯುವವನು ಬೈಸಿಕಲ್ಲಿನವನು. ಮೋಟಾರಿನವನ ತಪ್ಪಿನಿಂದ ಸಾಯುವವನೂ ಅವನೇ. ಭಾರ ಯಾರಲ್ಲಿದೆಯೋ ಹೊಣೆಯೂ ಅವರಲ್ಲಿ ಹೆಚ್ಚಾಗಿರಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಮೇಲೆ. ಇವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಸಾವುಗಳಿಗೆ ಸರಕಾರದ ವರದಿಯು ಹೇಳಿದ ಕಾರಣ ಅತಿವೇಗ. 2018ರಲ್ಲಿ ಕೇಂದ್ರ ಸರಕಾರವು ಕಾರುಗಳಿಗೆ ಗೊತ್ತುಮಾಡಿದ ಪರಮಾವಧಿ, ನಡುವೆ ವಿಭಜಕವಿರುವ ಚತುಷ್ಪಥದಲ್ಲಿ ಗಂಟೆಗೆ 100 ಕಿಲೋಮೀಟರು, ಸಾಮಾನ್ಯ ರಸ್ತೆಗಳಲ್ಲಿ 70. ಪರಮಾವಧಿಯೆಂದರೆ ಮೀರಬಾರದ ಮಿತಿ. ಅದನ್ನು ಮುಟ್ಟಲೇಬೇಕೆಂಬ ವ್ರತವಲ್ಲ.

ನಿಧಾನವಾಗಿ ಹೋದರೆ ನಮಗಾಗುವ ನಷ್ಟವೆಷ್ಟು? ರಸ್ತೆಯ ಮೇಲೆ ಒಂದು ಹಳ್ಳಿ ಬಂದಿತು. ಅದರ ಹಿಂದು ಮುಂದು ಸೇರಿ ಎರಡು ಕಿಲೋಮೀಟರು. 80ರಲ್ಲಿ ಅದನ್ನು ದಾಟಲು ಒಂದೂವರೆ ನಿಮಿಷ; 40ರಲ್ಲಿ ಮೂರು ನಿಮಿಷ. ನಾವು ಕಳೆದುಕೊಂಡದ್ದು ಒಂದೂವರೆ ನಿಮಿಷ. ಬಬಲೇಶ್ವರದ ಆ ಮದುವೆಯ ಮನೆಯಲ್ಲಿ ನಾನು ಊಟದ ಪಂಕ್ತಿಗಾಗಿ ಮುಕ್ಕಾಲು ಗಂಟೆ ಕಾದೆನು. ಹಾಗೆಯೇ, ಬೈಸಿಕಲ್ಲನ್ನು ದಾಟುವಾಗ ಬಿಡಬೇಕಾದ ಅಂತರ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರು, ಊರ ಹೊರಗೆ ಎರಡು ಮೀಟರು ಬಿಡಬೇಕೆಂದು ಕಾಯಿದೆಯೇ ಇದೆ. ನಮ್ಮಲ್ಲಿ ಅಷ್ಟು ಬಿಡಲು ಕಾಯಿದೆಗಾಗಿ ಕಾಯಬೇಕಾಗಿಲ್ಲ. ಎದುರು ವಾಹನವಿದ್ದರೆ ಬೈಸಿಕಲ್ಲಿನ ಹಿಂದೆ ಹತ್ತು ಸೆಕೆಂಡು ತಾಳಿದರೆ ಸಾಕು.

ಇದು ಸಿರಿವಂತ ದೇಶಗಳ ಮಾತೆಂದು ತಳ್ಳಿಹಾಕಬೇಡಿ. ಈಗ ಬೈಸಿಕಲ್ಲಿನ ಸ್ವರ್ಗವೆನಿಸಿರುವ ನೆದರ್ಲೆಂಡಿನಲ್ಲಿ 1971ರ ಒಂದೇ ವರ್ಷದಲ್ಲಿ 3,000ಕ್ಕೂ ಹೆಚ್ಚು ಜನ ರಸ್ತೆಗಳಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಿತಂದೆಗಳು ಬೀದಿಗಿಳಿದು, “ಮಕ್ಕಳ ಕೊಲೆಯನ್ನು ನಿಲ್ಲಿಸಿ” ಎಂಬ ಹೆಸರಿನಲ್ಲಿಯೇ ಚಳವಳಿ ಹೂಡಿದರು. ಅಲ್ಲಿಯ ಪ್ರತ್ಯೇಕ ಬೈಸಿಕಲ್ಲು ಹಾದಿಗಳು ಆಕಾಶದಿಂದ ಉದುರಿದವಲ್ಲ. ಜನರು ಕೇಳಿದರು, ವರ್ಷಗಟ್ಟಲೆ ಕೇಳಿದರು, ಸರಕಾರ ಕಟ್ಟಿತು. ನಮ್ಮ ತಿಕೋಟಾ ಬಬಲೇಶ್ವರಗಳು ಈಗ ತಾಲೂಕು ಕೇಂದ್ರಗಳಾಗಿವೆ. ಜಿಲ್ಲೆಯ ಕೇಂದ್ರದೊಡನೆ ಹೋಗಿಬರುವ ಮೋಟಾರುಗಳು ಹೆಚ್ಚುತ್ತಲೇ ಇವೆ. ರಸ್ತೆಯನ್ನು ಅಗಲಿಸುವಾಗಲೆಲ್ಲ, ಅಂಚಿನಲ್ಲಿ ಎರಡು ಮೀಟರಿನ ಗಟ್ಟಿ ಹಾದಿಯೊಂದನ್ನು ಬೈಸಿಕಲ್ಲಿಗೆಂದು ಬಿಡಿಸಿಕೊಳ್ಳುವುದು ಅಸಾಧ್ಯವಲ್ಲ. ಕೇಳುವವರಿರಬೇಕು. ಮೋಟಾರಿನಲ್ಲಿ ಹೋಗುವ ನಮ್ಮ ಮಾತನ್ನು ಅಧಿಕಾರಿಗಳು ಬೇಗ ಕೇಳುತ್ತಾರೆ; ಹಾಲಿನವನ ಪರವಾಗಿ ನಾವೇ ಕೇಳಬೇಕು.

ಕಡೆಯದಾಗಿ ಮನೆಯ ಮಾತೊಂದು. ನನ್ನ ಮಗಳು ಎಂಟನೆಯ ತರಗತಿಗೆ ಬಂದಾಗ ಬೈಸಿಕಲ್ಲು ಬೇಕೆಂದಳು. ಶಾಲೆಗೆ ಹೋಗಲು ದೊಡ್ಡ ರಸ್ತೆಯೊಂದನ್ನು ದಾಟಬೇಕು. ನಾನು ಬೇಡವೆಂದೆ, ದಿನವೂ ಕಾರಿನಲ್ಲಿಯೇ ಬಿಟ್ಟುಬರತೊಡಗಿದೆ. ಶಾಲೆಯ ಬಾಗಿಲಲ್ಲಿ ನನ್ನಂತೆಯೇ ಹೆದರಿದ ತಂದೆಗಳ ಕಾರುಗಳು ಸಾಲುಗಟ್ಟಿ ನಿಂತಿರುತ್ತಿದ್ದುವು. ಅವುಗಳ ಸಂದಿನಲ್ಲಿ, ಬೈಸಿಕಲ್ಲಿನ ಮೇಲೆ ಬಂದ ಕೆಲವು ಮಕ್ಕಳು ದಾರಿ ಸಿಕ್ಕದೆ ನಿಂತಿರುತ್ತಿದ್ದರು. ಕಾರಿಗೆ ಹೆದರಿ ಮಗುವನ್ನು ಕಾರಿನಲ್ಲಿ ಕೂರಿಸಿದರೆ, ರಸ್ತೆಯಲ್ಲಿ ಕಾರು ಒಂದು ಹೆಚ್ಚಿತು, ಬೈಸಿಕಲ್ಲು ಒಂದು ಕಡಿಮೆಯಾಯಿತು. ಮತ್ತೊಬ್ಬರ ಮಗುವಿಗೆ ಅಪಾಯ ಅಷ್ಟು ಬೆಳೆಯಿತು. ಒಂದು ದಿನ ಅವಳೇ, “ಅಪ್ಪಾ, ನೀವು ತಿಕೋಟಾತನಕ ಹೋಗತೀರಿ, ನಾ ಸಾಲಿತನಕ ಹೋಗಬಾರದೇನು?” ಎಂದಳು. ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಬೈಸಿಕಲ್ಲು ಕೊಡಿಸಿದೆ.

ಒಂದು ತಿಂಗಳು ನನ್ನ ಬೈಸಿಕಲ್ಲಿನಲ್ಲಿ ಅವಳ ಹಿಂದೆಯೇ ಹೋದೆ. ಎಡಕ್ಕಿರುವುದು, ಹಿಂದಿರುಗಿ ನೋಡಿ ಕೈ ತೋರಿಸುವುದು, ದೊಡ್ಡ ರಸ್ತೆಯ ಬಳಿ ಇಳಿದು ನಿಂತು ದಾಟುವುದು, ಎಲ್ಲವನ್ನೂ ಕಲಿಸಿದೆ. ಈಗ ಅವಳೊಬ್ಬಳೇ ಹೋಗುತ್ತಾಳೆ. ನಾನು ಕಲಿಸಬಹುದಾದುದು ಆ ರಸ್ತೆಯ ಈಚೆಯ ಅಂಚಿಗೆ ಮುಗಿಯಿತು. ದಾಟುವಷ್ಟು ಹೊತ್ತು ಅವಳ ಕ್ಷೇಮವಿರುವುದು, ಆಗ ಆ ದಾರಿಯಲ್ಲಿ ಬರುತ್ತಿರುವ ಅಪರಿಚಿತರೊಬ್ಬರ ಕಾಲಿನ ಕೆಳಗಿನ ಬ್ರೇಕಿನಲ್ಲಿ.

ಶ್ರೋತೃಗಳಲ್ಲಿ ಕಾರು ನಡೆಸುವವರು ಬಹುಮಂದಿ ಇರುವಿರಿ. ನಾಳೆ ನಿಮ್ಮ ಮುಂದೆ ಅಂಚಿನಲ್ಲಿ ಯಾರಾದರೂ ಬೈಸಿಕಲ್ಲು ತುಳಿಯುತ್ತಿದ್ದರೆ, ಕಾಲನ್ನು ಸ್ವಲ್ಪ ಸಡಿಲಿಸಿ, ಒಂದು ಮಾರು ಬಲಕ್ಕೆ ಸರಿದು ಹೋಗಬೇಕೆಂದು ಬೇಡುತ್ತೇನೆ. ನಾನೂ ಹಾಗೆಯೇ ಹೋಗಲು ಕಲಿಯುತ್ತಿದ್ದೇನೆ.